24 ಜನ, 4 ರಾತ್ರಿ, ಒಂದು ಹಡಗು: ದುಡ್ಡು ಕಟ್ಟುವ ಮೊದಲು ನೋಡಬೇಕಾದ್ದು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಾವನವರಿಗೆ ಎಪ್ಪತ್ತು ತುಂಬುತ್ತಿದೆ. ಮೈಸೂರಿನಿಂದ ಮಾವ-ಅತ್ತೆ, ಅವರ ಬೀಗರು ಹೀಗೆ ಹಿರಿಯರ ಎರಡು ಜೋಡಿ ಬರುತ್ತಿದೆ. ನಮ್ಮ ನಾಲ್ಕು ಮನೆಯವರು, ಮಕ್ಕಳು, ಗರ್ಭಿಣಿ ನಾದಿನಿ ಮತ್ತು ಅವಳ ಗಂಡ, ಓದುತ್ತಿರುವ ಇಬ್ಬರು ಹುಡುಗಿಯರು ಸೇರಿ ಒಟ್ಟು 24 ಜನ. ಡಿಸೆಂಬರ್ ರಜೆಯಲ್ಲಿ ಫ್ಲೋರಿಡಾದಿಂದ ಬಹಾಮಾಸ್‌ಗೆ 4 ರಾತ್ರಿಯ ಕ್ರೂಸ್ ಹೋಗುವ ಯೋಚನೆಯಿದೆ. ಅಣ್ಣನ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ (ಕೆಲಸದ ವೀಸಾ) ಸ್ಟ್ಯಾಂಪ್ ಮುಗಿದಿದೆ, ಕೆಲಸದ ಅನುಮತಿ ಮಾತ್ರ ವಿಸ್ತರಣೆಯಾಗಿದೆ. ಅರ್ಧ ಜನ ಸಸ್ಯಾಹಾರಿಗಳು. ಅತ್ತೆಗೆ ಮಂಡಿನೋವು. ಎಲ್ಲಿಂದ ಶುರು ಮಾಡಬೇಕು? ಏನೇನು ಎಡವಟ್ಟಾಗಬಹುದು?

ಉತ್ತರ: ಹಡಗು ಯಾವುದು, ಬಾಲ್ಕನಿ ಬೇಕೋ ಬೇಡವೋ ಎಂಬ ಚರ್ಚೆಯನ್ನು ಎರಡು ವಾರ ಮುಂದಕ್ಕೆ ಹಾಕಿ. ಮೊದಲು 24 ಪಾಸ್‌ಪೋರ್ಟ್‌ಗಳ ವಿವರ ಒಂದೆಡೆ ಬರೆದುಕೊಳ್ಳಿ: ಯಾವ ದೇಶದ್ದು, ಯಾವಾಗ ಮುಗಿಯುತ್ತದೆ, ಅಮೆರಿಕದ ವೀಸಾ ಸ್ಟ್ಯಾಂಪ್ ಯಾವಾಗ ಮುಗಿಯುತ್ತದೆ, ಐ-94ರ (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಕೊನೆಯ ದಿನ ಯಾವುದು. ಮಿಯಾಮಿಯಲ್ಲಿ ಹತ್ತಿ ಮಿಯಾಮಿಯಲ್ಲೇ ಇಳಿಯುವ ಪ್ರವಾಸವಾದರೂ ಕಾನೂನಿನ ಕಣ್ಣಿಗೆ ಅದು ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಬರುವುದೇ. ಹೋಗುವಾಗ ಯಾರೂ ತಡೆಯದಿದ್ದರೂ ಬರುವಾಗ ವಲಸೆ ಅಧಿಕಾರಿಯ ಮುಂದೆ ನಿಲ್ಲಲೇಬೇಕು. ಅದಕ್ಕೇ ಹಡಗಿನ ಕಂಪನಿ ಚೆಕ್-ಇನ್ ಕೌಂಟರಿನಲ್ಲೇ ಕಾಗದ ನೋಡುತ್ತದೆ. ಸರಿಯಿಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ನಿಮ್ಮ ಗುಂಪಿನಲ್ಲಿ ನಿಜವಾದ ತೊಡಕು ಎಚ್-1ಬಿ ಸ್ಟ್ಯಾಂಪ್ ಮುಗಿದವರದು. ಸ್ಟ್ಯಾಂಪ್ ಮುಗಿದಿದ್ದರೂ ಐ-94 ಜೀವಂತವಿದ್ದರೆ 30 ದಿನದೊಳಗಿನ ಪ್ರವಾಸ ಮುಗಿಸಿ ವಾಪಸ್ ಬರಬಹುದು ಎಂಬ ನಿಯಮವೊಂದಿದೆ, ಸ್ವಯಂ ಮರುಮಾನ್ಯತೆ ಎನ್ನುತ್ತಾರೆ. ಇದನ್ನು ಕೇಳಿದವರು ಬಹಾಮಾಸ್‌ಗೂ ಅದು ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ಎಚ್-1ಬಿ ಇರುವವರಿಗೆ, ಎಚ್-4ರಲ್ಲಿರುವ ಅವರ ಹೆಂಡತಿ-ಮಕ್ಕಳಿಗೆ ಈ ಸೌಲಭ್ಯ ಕೆನಡಾ ಮತ್ತು ಮೆಕ್ಸಿಕೊಗೆ ಮಾತ್ರ. ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ ಅದು ಕ್ಯೂಬಾ ಬಿಟ್ಟು ಅಕ್ಕಪಕ್ಕದ ದ್ವೀಪಗಳಿಗೂ ಅನ್ವಯಿಸುತ್ತದೆ. ಅಂದರೆ ನಿಮ್ಮ ಓದುವ ಹುಡುಗಿಯರ ಎಫ್-1 ಸ್ಟ್ಯಾಂಪ್ ಮುಗಿದಿದ್ದರೂ ಬಹಾಮಾಸ್‌ಗೆ ಹೋಗಿಬರಲು ದಾರಿಯಿದೆ. ಕಾಲೇಜು ಕೊಡುವ ಐ-20 ಪತ್ರದ ಮೇಲೆ ಅವರ ಪ್ರಯಾಣದ ಸಹಿ ಒಂದು ವರ್ಷದೊಳಗಿನದಿರಬೇಕು, ಓದು ಮುಗಿಸಿ ಒಪಿಟಿಯಲ್ಲಿದ್ದರೆ (ವಿದ್ಯಾರ್ಥಿ ವೀಸಾ ಮೇಲೆಯೇ ಮಾಡುವ ತರಬೇತಿ ಕೆಲಸ) ಆರು ತಿಂಗಳೊಳಗಿನದು. ಕೆಲಸದಲ್ಲಿರುವ ಅಣ್ಣನಿಗೆ ಆ ದಾರಿಯಿಲ್ಲ.

ಅವರ ಮುಂದೆ ಮೂರು ದಾರಿಗಳಿವೆ. ಪ್ರವಾಸಕ್ಕೆ ಮೊದಲೇ ಭಾರತಕ್ಕೆ ಹೋಗಿ ಹೊಸ ಸ್ಟ್ಯಾಂಪ್ ಹಾಕಿಸಿಕೊಂಡು ಬರುವುದು ಒಂದು. ಇಡೀ ಗುಂಪೇ ಮೆಕ್ಸಿಕೊ ಮಾತ್ರ ಮುಟ್ಟುವ ಹಡಗು ಹಿಡಿಯುವುದು ಇನ್ನೊಂದು; ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದಲೂ ಫ್ಲೋರಿಡಾದ ಟ್ಯಾಂಪಾದಿಂದಲೂ ಮೆಕ್ಸಿಕೊದ ಕೊಜುಮೆಲ್‌ಗೆ 4 ರಾತ್ರಿಯ ಪ್ರವಾಸಗಳು ಸಿಗುತ್ತವೆ. ಈ ದಾರಿ ಹಿಡಿದರೆ ಅವಧಿ ವಿಸ್ತರಿಸಿ ವಲಸೆ ಇಲಾಖೆ ಕೊಟ್ಟ ಐ-797 ಪತ್ರವೂ ಅದರ ಕೆಳಗಿನ ಐ-94 ಚೀಟಿಯೂ ಕೈಯಲ್ಲಿರಬೇಕು, ಹೊಸ ವೀಸಾ ಅರ್ಜಿ ಎಲ್ಲೂ ಬಾಕಿಯಿರಬಾರದು. ಈ ಕಾಗದಗಳ ಮೇಲೆ ಹತ್ತಿಸಿಕೊಳ್ಳುತ್ತೀರಾ ಎಂದು ಹಡಗಿನ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಕಾನೂನು ಒಪ್ಪಿದ್ದನ್ನು ಕೌಂಟರಿನಲ್ಲಿರುವವರು ಒಪ್ಪದ ಪ್ರಸಂಗಗಳಿವೆ. ಮೂರನೆಯ ದಾರಿ, ಅವರು ಈ ಬಾರಿ ಬರದಿರುವುದು. ಕಷ್ಟದ ಮಾತು. ಆದರೆ ವಾಪಸ್ ಬರಲಾಗದೆ ಕೆಲಸಕ್ಕೇ ಕುತ್ತು ಬರುವುದಕ್ಕಿಂತ ಅದು ಎಷ್ಟೋ ಮೇಲು. ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳಿಯೇ ಮುಂದುವರಿಯಿರಿ.

ಗುಂಪಿನಲ್ಲಿ ಯಾರದಾದರೂ ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿದ್ದರೆ, ಅಂದರೆ ಐ-485 ಸಲ್ಲಿಸಿಯಾಗಿದ್ದರೆ, ಅಡ್ವಾನ್ಸ್ ಪರೋಲ್ (ಹೋಗಿ ಮರಳಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ. ಚಾಲ್ತಿಯಲ್ಲಿರುವ ಎಚ್ ಅಥವಾ ಎಲ್ (ಕಂಪನಿಯೊಳಗಿನ ವರ್ಗಾವಣೆಯ) ವೀಸಾ ಮೇಲೆ ಹೋಗಿಬರುವವರಿಗೆ ಮಾತ್ರ ವಿನಾಯಿತಿ. ನಾಲ್ಕು ದಿನದ ರಜೆಗಾಗಿ ಹತ್ತು ವರ್ಷದ ಕಾಯುವಿಕೆ ಕಳೆದುಕೊಳ್ಳುವಂತೆ ಆಗಬಾರದು. ಇದನ್ನು ಗುಂಪಿನ ಪ್ರತಿಯೊಬ್ಬರನ್ನೂ ನೇರವಾಗಿ ಕೇಳಿ. ಸಂಕೋಚದಿಂದ ಹೇಳದೆ ಉಳಿಯುವವರು ಇರುತ್ತಾರೆ.

ಮೈಸೂರಿನಿಂದ ಬರುವ ಹಿರಿಯರ ವೀಸಾ ಹಲವು ಬಾರಿ ಪ್ರವೇಶಿಸುವಂಥದ್ದೇ ಎಂದು ನೋಡಿ. ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಡಗಿನಿಂದ ವಾಪಸ್ ಬಂದಾಗ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ, ಹಳೆಯ ಐ-94ರ ದಿನಾಂಕವೇ ಮುಂದುವರಿಯಬಹುದು. ಪಾಸ್‌ಪೋರ್ಟಿನಲ್ಲಿ ಪ್ರವಾಸ ಮುಗಿದ ಮೇಲೂ ಆರು ತಿಂಗಳ ಅವಧಿ ಉಳಿದಿದ್ದರೆ ನೆಮ್ಮದಿ. ಇಳಿಯುವ ದೇಶದ ವೀಸಾ ನಿಯಮ ಬೇರೆಯೇ ವಿಷಯ. ಮೆಕ್ಸಿಕೊ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಂದ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಉಳಿದ ಬಂದರುಗಳ ಬಗ್ಗೆ ಭಾರತೀಯ ಪಾಸ್‌ಪೋರ್ಟ್ ಎಂದು ಸ್ಪಷ್ಟವಾಗಿ ಹೇಳಿ ಕಂಪನಿಯಿಂದಲೇ ಕೇಳಿ ತಿಳಿದುಕೊಳ್ಳಿ.

ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಹತ್ತಿದ ಬಂದರಿಗೇ ಮರಳುವ ಇಂಥ ಪ್ರವಾಸದಲ್ಲಿ ಜನನ ಪ್ರಮಾಣಪತ್ರ ಸಾಕು ಎನ್ನುವುದು ನಿಜ. ಆದರೂ ಪಾಸ್‌ಪೋರ್ಟ್ ಮಾಡಿಸಿ. ಬಹಾಮಾಸ್ ರಾಜಧಾನಿ ನಸ್ಸಾವಿನಲ್ಲಿ ಮಗುವಿಗೆ ಹೊಟ್ಟೆನೋವು ಜೋರಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಹಡಗು ಹೊರಟುಹೋಯಿತು ಎನ್ನಿ. ವಿಮಾನ ಹತ್ತಲು ಪಾಸ್‌ಪೋರ್ಟ್ ಬೇಕೇ ಬೇಕು. ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರ ಜೊತೆ ಅಥವಾ ಅಜ್ಜ-ಅಜ್ಜಿಯ ಜೊತೆ ಮಾತ್ರ ಹೋಗುವ ಮಕ್ಕಳಿಗೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ನಿಮ್ಮ ನಾದಿನಿಯ ಲೆಕ್ಕವನ್ನು ಈಗಲೇ ಮಾಡಿ. ಪ್ರವಾಸ ಮುಗಿಯುವುದರೊಳಗೆ ಗರ್ಭದ 24ನೇ ವಾರಕ್ಕೆ ಕಾಲಿಡುವವರನ್ನು ದೊಡ್ಡ ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಎಣಿಸಬೇಕಾದ್ದು ಹೊರಡುವ ದಿನವನ್ನಲ್ಲ, ಇಳಿಯುವ ದಿನವನ್ನು. ವೈದ್ಯರ ಪತ್ರವೂ ಬೇಕಾಗುತ್ತದೆ. ಅದೇ ರೀತಿ ಆರು ತಿಂಗಳು ತುಂಬದ ಕೂಸುಗಳಿಗೂ ಅವಕಾಶವಿಲ್ಲ.

ಇಷ್ಟು ಗಟ್ಟಿಯಾದ ಮೇಲೆ ಕ್ಯಾಬಿನ್‌ಗಳ ವಿಚಾರ. ನಾಲ್ಕು ಜನರ ನಾಲ್ಕು ಕುಟುಂಬಕ್ಕೆ ನಾಲ್ಕು, ಹಿರಿಯರ ಎರಡು ಜೋಡಿಗೆ ಎರಡು, ನಾದಿನಿ ದಂಪತಿಗೆ ಒಂದು, ಹುಡುಗಿಯರಿಗೆ ಒಂದು. ಒಟ್ಟು 8. ಇದು ನಿಮಗೆ ಅನುಕೂಲದ ಸಂಖ್ಯೆ, ಏಕೆಂದರೆ ಹಲವು ಕಂಪನಿಗಳಲ್ಲಿ 8 ಕ್ಯಾಬಿನ್, 16 ಜನ ಎಂದರೆ ಗ್ರೂಪ್ ಬುಕಿಂಗ್ ಆಗುತ್ತದೆ. ಇಂಥ ಬುಕಿಂಗ್‌ನಲ್ಲಿ ಹದಿನಾರಕ್ಕೊಂದು ಬರ್ತ್ ಉಚಿತವಾಗಿ ಸಿಗುವುದು ವಾಡಿಕೆ. ಆದರೆ ಉಚಿತವೆಂದರೆ ಮೂಲ ದರ ಮಾತ್ರ, ತೆರಿಗೆ, ಬಂದರು ಶುಲ್ಕ, ಟಿಪ್ಸ್ ಕಟ್ಟಲೇಬೇಕು. ಕ್ಯಾಬಿನ್ನಿನ ಮೂರನೇ, ನಾಲ್ಕನೇ ವ್ಯಕ್ತಿಯನ್ನು ಎಣಿಕೆಗೆ ತೆಗೆದುಕೊಳ್ಳದ ಕಂಪನಿಗಳೇ ಹೆಚ್ಚು, ಹಾಗಾಗಿ 24 ಜನ ಇದ್ದರೂ ಲೆಕ್ಕಕ್ಕೆ ನೀವು 16. ಒಂದು ಕ್ಯಾಬಿನ್ ಕೈತಪ್ಪಿದರೆ ಗುಂಪಿನ ಸೌಲಭ್ಯವೂ ಹೋಗಬಹುದು. ಎಚ್-1ಬಿ ಅಣ್ಣನ ಪ್ರಶ್ನೆ ಮೊದಲೇ ಇತ್ಯರ್ಥವಾಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಹುಡುಗಿಯರು ಇಬ್ಬರೂ 21 ದಾಟದಿದ್ದರೆ ತಾವೇ ಒಂದು ಕ್ಯಾಬಿನ್ ತೆಗೆದುಕೊಳ್ಳಲು ಅಮೆರಿಕದಿಂದ ಹೊರಡುವ ಹಲವು ಹಡಗುಗಳಲ್ಲಿ ಬಿಡುವುದಿಲ್ಲ. ಆಗ ಬುಕಿಂಗ್‌ನಲ್ಲಿ ಹಿರಿಯರೊಬ್ಬರ ಹೆಸರನ್ನು ಆ ಕ್ಯಾಬಿನ್‌ಗೆ ಹಾಕಬೇಕಾಗುತ್ತದೆ.

ನಾಲ್ಕು ಜನ ಮಲಗುವ ಕ್ಯಾಬಿನ್‌ಗಳು ಮೊದಲು ಖಾಲಿಯಾಗುತ್ತವೆ, ಡಿಸೆಂಬರಿನಲ್ಲಂತೂ ಇನ್ನೂ ಬೇಗ. ಒಂದು ವಿಚಿತ್ರವೂ ಇದೆ. ಕ್ಯಾಬಿನ್ನಿನಲ್ಲಿ ನಾಲ್ಕು ಹಾಸಿಗೆ ಇದ್ದರೂ ನಾಲ್ಕನೆಯವರನ್ನು ಸೇರಿಸಲು ಬುಕಿಂಗ್ ವ್ಯವಸ್ಥೆ ಒಪ್ಪದಿರಬಹುದು. ಹಡಗಿನ ಒಂದೊಂದು ಭಾಗಕ್ಕೂ ನಿಗದಿಯಾದ ಜೀವರಕ್ಷಕ ದೋಣಿಗಳಿರುತ್ತವೆ, ಅವುಗಳ ಜಾಗ ತುಂಬಿದರೆ ಆ ಭಾಗದಲ್ಲಿ ಹೆಚ್ಚುವರಿ ಹಾಸಿಗೆ ಮಾರುವಂತಿಲ್ಲ. ಆದ್ದರಿಂದ ಮಕ್ಕಳ ಹೆಸರನ್ನು ಆಮೇಲೆ ಸೇರಿಸಿದರಾಯಿತು ಎಂದುಕೊಳ್ಳಬೇಡಿ, ಮೊದಲ ದಿನವೇ ನಾಲ್ಕೂ ಹೆಸರು ಹಾಕಿ.

ಎಲ್ಲರೂ ಒಂದೇ ಸಾಲಿನಲ್ಲಿರಬೇಕು ಎಂಬ ಆಸೆ ಬೇಡ. ಹಿರಿಯರ ಕ್ಯಾಬಿನ್‌ಗಳು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ, ಲಿಫ್ಟಿನಿಂದ ನಾಲ್ಕಾರು ಬಾಗಿಲು ದೂರದಲ್ಲಿರಲಿ. ದೊಡ್ಡ ಹಡಗುಗಳು 300 ಮೀಟರ್ ದಾಟುತ್ತವೆ. ಹಿಂದಿನ ತುದಿಯಲ್ಲಿ ಕ್ಯಾಬಿನ್ ಸಿಕ್ಕರೆ ಅತ್ತೆಯವರು ಮುಂದಿನ ರಂಗಮಂದಿರಕ್ಕೆ ಹೋಗಿಬರುವಷ್ಟರಲ್ಲಿ ಮಂಡಿ ಊದಿಕೊಂಡಿರುತ್ತದೆ. ಹಡಗಿನ ಗಾಲಿಕುರ್ಚಿ ಹತ್ತಿಸಲು, ಇಳಿಸಲು ಮಾತ್ರ. ದಿನವಿಡೀ ಬೇಕಾದರೆ ನಿಮ್ಮದೇ ಒಯ್ಯಿರಿ ಅಥವಾ ಬಾಡಿಗೆಗೆ ಮೊದಲೇ ಹೇಳಿ. ಅಗ್ಗವೆಂದು 'ಗ್ಯಾರಂಟಿ' ಕ್ಯಾಬಿನ್ ಹಿಡಿಯಬೇಡಿ. ಅದರಲ್ಲಿ ಕೋಣೆಯ ಜಾಗ ಆರಿಸುವುದು ಕಂಪನಿ, ನೀವಲ್ಲ. ಚಿಕ್ಕ ಮಕ್ಕಳ ಎರಡು ಕುಟುಂಬಕ್ಕೆ ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೇಳಿ.

ದುಡ್ಡನ್ನು ಒಬ್ಬರ ಕಾರ್ಡಿನಿಂದ ಕಟ್ಟಬೇಡಿ. ಗುಂಪು ಒಂದೇ ಇರಲಿ, ಕ್ಯಾಬಿನ್ನಿಗೊಂದು ಬುಕಿಂಗ್ ಸಂಖ್ಯೆ, ಕುಟುಂಬಕ್ಕೊಂದು ಪಾವತಿ ಇರಲಿ. ಎಂಟೂ ಸಂಖ್ಯೆಗಳನ್ನು ಒಂದಕ್ಕೊಂದು ಜೋಡಿಸಲು ಏಜೆಂಟರಿಗೆ ಹೇಳಿ. ಯಾರಾದರೂ ರದ್ದು ಮಾಡಿದರೆ ಅವರ ನಷ್ಟ ಅವರಿಗೆ, ಮನಸ್ತಾಪ ಯಾರಿಗೂ ಇಲ್ಲ. ಪೂರ್ಣ ಹಣ ಕಟ್ಟುವ ಗಡುವು ಚಿಕ್ಕ ಪ್ರವಾಸಗಳಿಗೆ ಹೊರಡುವ 75ರಿಂದ 90 ದಿನ ಮೊದಲು ಬರುತ್ತದೆ. ಗ್ರೂಪ್‌ನಲ್ಲಿ ಅದಕ್ಕೂ ಮುಂಚೆ, ಹೆಸರು ಕೊಡದ ಕ್ಯಾಬಿನ್‌ಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳುವ ದಿನಾಂಕವೂ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಂಡು ಹತ್ತು ದಿನ ಮೊದಲಿನ ಗಡುವನ್ನು ಮನೆಯವರಿಗೆ ಹೇಳಿ.

ಜಾಹೀರಾತಿನ ದರಕ್ಕೆ ಸೇರದ ಖರ್ಚಿನಲ್ಲಿ ದೊಡ್ಡದು ಟಿಪ್ಸ್. ತಲೆಗೆ ರಾತ್ರಿಗೆ ಸುಮಾರು 16ರಿಂದ 20 ಡಾಲರ್, ಮಕ್ಕಳಿಗೂ ಹೆಚ್ಚಾಗಿ ಅಷ್ಟೇ. 18 ಡಾಲರ್ ಹಿಡಿದರೂ 24 ಜನಕ್ಕೆ ನಾಲ್ಕು ರಾತ್ರಿಗೆ 1,728 ಡಾಲರ್. ಮದ್ಯದ ಪ್ಯಾಕೇಜಿನಲ್ಲೂ ಒಂದು ಕೊಕ್ಕೆಯಿದೆ: ಕ್ಯಾಬಿನ್ನಿನ ಒಬ್ಬ ವಯಸ್ಕರು ಕೊಂಡರೆ ಅದೇ ಕ್ಯಾಬಿನ್ನಿನ ಇನ್ನೊಬ್ಬರೂ ಕೊಳ್ಳಬೇಕು ಎಂಬುದು ಬಹುತೇಕ ಕಂಪನಿಗಳ ನಿಯಮ. ಹೆಂಡತಿ ಕುಡಿಯದಿದ್ದರೆ ಗಂಡ ಬಿಡಿಬಿಡಿಯಾಗಿ ಕೊಳ್ಳುವುದೇ ಲಾಭ.

ಡಿಸೆಂಬರ್ ಕೊನೆಯ ಎರಡು ವಾರ ವರ್ಷದಲ್ಲೇ ದುಬಾರಿ. ಅದೇ ಹಡಗು ಡಿಸೆಂಬರ್ ಮೊದಲ ವಾರದಲ್ಲಿ ಅರ್ಧ ದರಕ್ಕೆ ಸಿಗುವುದು ಅಪರೂಪವಲ್ಲ. ಹವೆಯ ಮಾತಿಗೆ ಬಂದರೆ, ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಉಲ್ಬಣ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಡಿಸೆಂಬರಿನಲ್ಲಿ ಆ ಭಯವಿಲ್ಲ, ಆದರೆ ಉತ್ತರದಿಂದ ಚಳಿಗಾಳಿ ನುಗ್ಗುತ್ತದೆ. ಫ್ಲೋರಿಡಾ ಮತ್ತು ಬಹಾಮಾಸ್ ನಡುವೆ ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಎದುರಿನಿಂದ ಉತ್ತರದ ಗಾಳಿ ಬೀಸಿದಾಗ ಅಲೆಗಳು ಕಡಿದಾಗಿ ಏಳುತ್ತವೆ, ಮೊದಲ ರಾತ್ರಿಯೇ ಹೊಟ್ಟೆ ತೊಳಸುವುದು ಇದರಿಂದ. ಕಂಪನಿಗಳ ಖಾಸಗಿ ದ್ವೀಪಗಳು ತೆರೆದ ಸಮುದ್ರಕ್ಕೆ ಒಡ್ಡಿಕೊಂಡಿರುವುದರಿಂದ ಗಾಳಿ ಜೋರಾದರೆ ಹಡಗು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಆಗ ಟಿಕೆಟ್ ದುಡ್ಡಿನಲ್ಲಿ ಬಂದರು ಶುಲ್ಕ ಬಿಟ್ಟು ಬೇರೇನೂ ವಾಪಸ್ ಬರುವುದಿಲ್ಲ. ಶಾಲೆಯ ರಜೆ ಹೊಂದಿದರೆ ಏಪ್ರಿಲ್ ಕೊನೆ ಎಲ್ಲ ರೀತಿಯಲ್ಲೂ ಉತ್ತಮ. ಸಮುದ್ರ ಶಾಂತ, ನೀರು ಬೆಚ್ಚಗೆ. ಮಾವನವರ ಹುಟ್ಟುಹಬ್ಬದ ದಿನವೇ ಆಗಬೇಕೆಂದಿಲ್ಲದಿದ್ದರೆ ಯೋಚಿಸಿ.

ತಲೆಸುತ್ತಿಗೆ ಮೆಕ್ಲಿಜಿನ್ 25 ಮಿ.ಗ್ರಾಂ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಹಡಗು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರೂ ಗರ್ಭಿಣಿಯೂ ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈತೊಳೆಯುವ ನಮ್ಮ ಮನೆಯ ರೂಢಿಯೇ ಸರಿ.

ವಿಮೆಯ ವಿಚಾರದಲ್ಲಿ ಹೆಚ್ಚಿನವರು ಹಿರಿಯರ ವಿಸಿಟರ್ ವಿಮೆಯನ್ನೇ ನಂಬಿ ಕೂರುತ್ತಾರೆ. ಅದು ಅಮೆರಿಕದ ಹೊರಗೆ, ಅದರಲ್ಲೂ ಹಡಗಿನಲ್ಲಿ ನಡೆಯುತ್ತದೆಯೇ ಎಂದು ಪಾಲಿಸಿ ಓದಿ ನೋಡಿ. ಹಡಗಿನ ವೈದ್ಯರು ಖರ್ಚನ್ನು ನೇರವಾಗಿ ನಿಮ್ಮ ಖಾತೆಗೆ ಬರೆಯುತ್ತಾರೆ, ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ಬಿಲ್ ಹತ್ತಾರು ಸಾವಿರ ಡಾಲರ್. ಪ್ರವಾಸ ವಿಮೆಯನ್ನು ಮೊದಲ ಡೆಪಾಸಿಟ್ ಕಟ್ಟಿದ ಎರಡು ವಾರದೊಳಗೆ ಕೊಂಡರೆ ಸಕ್ಕರೆ, ಬಿಪಿಯಂಥ ಹಳೆಯ ಕಾಯಿಲೆಗಳಿಗೂ ಅನ್ವಯಿಸುವ ಪಾಲಿಸಿಗಳು ಸಿಗುತ್ತವೆ. ತಡಮಾಡಿದರೆ ಆ ಅವಕಾಶ ಕೈತಪ್ಪುತ್ತದೆ.

ಊಟದ ಬಗ್ಗೆ ನೀವು ಹೆದರಿರುವಷ್ಟು ಕಷ್ಟವಿಲ್ಲ. ಫ್ಲೋರಿಡಾದ ದೊಡ್ಡ ಹಡಗುಗಳ ಮುಖ್ಯ ಊಟದ ಕೋಣೆಯಲ್ಲಿ ಭಾರತೀಯ ಸಸ್ಯಾಹಾರಿ ಅಡುಗೆ ಕೇಳಿದರೆ ಸಿಗುತ್ತದೆ. ಅಡುಗೆಮನೆಯಲ್ಲೂ ಬಡಿಸುವವರಲ್ಲೂ ಗೋವಾದವರು, ಮಂಗಳೂರು ಕಡೆಯವರು ಇರುವುದು ಸಾಮಾನ್ಯ. ಕ್ರಮ ಹೀಗಿರಲಿ: ಒಂದೂವರೆ ತಿಂಗಳು ಮೊದಲೇ 12 ಜನ ಸಸ್ಯಾಹಾರಿ, ಮೊಟ್ಟೆಯಿಲ್ಲ, ಈರುಳ್ಳಿ-ಬೆಳ್ಳುಳ್ಳಿ ಬೇಡದವರು ಇಷ್ಟು ಎಂದು ಬುಕಿಂಗ್‌ನಲ್ಲಿ ಬರೆಸಿ. ಹತ್ತಿದ ದಿನ ಸಂಜೆ ಮುಖ್ಯ ಬಡಿಸುವವರನ್ನು ಕಂಡು ಮಾರನೆಯ ದಿನದ ಅಡುಗೆ ಇಂದೇ ಗೊತ್ತುಮಾಡಿಕೊಳ್ಳಿ. ದಿನಾ ರಾತ್ರಿ ಇದನ್ನೇ ಮಾಡಿ. ಊಟಕ್ಕೆ ಕುಳಿತ ಮೇಲೆ ಕೇಳಿದರೆ ಸಿಗುವುದು ಬೇಯಿಸಿದ ತರಕಾರಿ ಮತ್ತು ಪಾಸ್ತಾ. ಖಾಸಗಿ ದ್ವೀಪದ ಮಧ್ಯಾಹ್ನದ ಊಟ ಹೆಚ್ಚಾಗಿ ಸುಟ್ಟ ಮಾಂಸದ್ದು, ಆ ದಿನ ಬೆಳಗ್ಗೆ ಹಡಗಿನಲ್ಲೇ ಹೊಟ್ಟೆತುಂಬ ತಿಂಡಿ ತಿಂದು ಇಳಿಯಿರಿ.

ದಿನಕ್ಕೆ ಒಂದೇ ಒಂದು ಸಲ, ರಾತ್ರಿ ಊಟಕ್ಕೆ ಮಾತ್ರ, 24 ಜನರೂ ಸೇರಿ. ಉಳಿದ ಹೊತ್ತು ಕುಟುಂಬಕ್ಕೆ ಬಿಡಿ. ಬೆಳಗಿನಿಂದ ಎಲ್ಲರನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವ ಗುಂಪುಗಳು ಎರಡನೇ ದಿನಕ್ಕೇ ಸೋಲುತ್ತವೆ, ಒಬ್ಬರು ಚಪ್ಪಲಿ ಮರೆತರೆ ಇಪ್ಪತ್ತಮೂರು ಜನ ಕಾಯಬೇಕು. ನಿಗದಿತ ಸಮಯದ ಮೊದಲ ಪಂಕ್ತಿಯನ್ನು ಆರಿಸಿ. ಬೇಕಾದಾಗ ಬರುವ ಪದ್ಧತಿಯಲ್ಲಿ ಇಷ್ಟು ಜನಕ್ಕೆ ಜಾಗ ಸಿಗುವುದಿಲ್ಲ. ಒಂದೇ ಮೇಜು ಸಿಗದು, ಎಂಟೆಂಟು ಜನರ ಮೂರು ಮೇಜು ಅಕ್ಕಪಕ್ಕ ಕೇಳಿ. ಇಂಥದ್ದಕ್ಕೆಲ್ಲ ಬುಕಿಂಗ್ ಜೋಡಣೆಯಾಗಿರಬೇಕು.

ಮನೆಯಿಂದ ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಕಟ್ಟಿಕೊಂಡು ಹೋಗುವ ಆಸೆ ಸಹಜ. ಮನೆಯಲ್ಲಿ ಮಾಡಿದ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯ ಮುದ್ರೆ ಒಡೆಯದ ಪೊಟ್ಟಣಗಳನ್ನು ಬಿಡುತ್ತಾರೆ. ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ವೈರ್ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಗರಬತ್ತಿ, ಕರ್ಪೂರ, ಮೇಣದಬತ್ತಿಯೂ ಹಾಗೇ; ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಮಾವನವರಿಗೆ ಆರತಿ ಎತ್ತಬೇಕೆಂದಿದ್ದರೆ ಬ್ಯಾಟರಿಯ ದೀಪ ಒಯ್ಯಿರಿ, ಶಾಂತಿ-ಹೋಮ ಏನಿದ್ದರೂ ಹೊರಡುವ ಮೊದಲು ಮನೆಯಲ್ಲೋ ದೇವಸ್ಥಾನದಲ್ಲೋ ಮುಗಿಸಿ. ಗ್ರೂಪ್ ಬುಕಿಂಗ್ ಇದ್ದವರಿಗೆ ಸಮುದ್ರದಲ್ಲೇ ಕಳೆಯುವ ದಿನ ಒಂದು ಚಿಕ್ಕ ಸಭಾಂಗಣವನ್ನು ಒಂದೆರಡು ಗಂಟೆಗೆ ಕೇಳಿ ಪಡೆಯಲು ಸಾಧ್ಯ. ಶಾಲು ಹೊದಿಸಿ, ಮಕ್ಕಳಿಂದ ಹಾಡು ಹೇಳಿಸಿ, ಕೇಕ್ ತರಿಸಲು ಅದು ಒಳ್ಳೆಯ ಹೊತ್ತು. ಮೊಟ್ಟೆಯಿಲ್ಲದ ಕೇಕಿಗೆ ಮೊದಲೇ ಹೇಳಿರಬೇಕು.

ಹಡಗು ಹೊರಡುವ ಹಿಂದಿನ ದಿನವೇ ಫ್ಲೋರಿಡಾ ತಲುಪಿ. ಡಿಸೆಂಬರಿನಲ್ಲಿ ನೂವಾರ್ಕ್‌ನಲ್ಲಿ ಹಿಮ ಬಿದ್ದರೆ ಬೆಳಗಿನ ವಿಮಾನದ ಕತೆ ಮುಗಿಯಿತು, ಹಡಗು ಯಾರಿಗೂ ಕಾಯುವುದಿಲ್ಲ. ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಹೊರಡುವ 60 ನಿಮಿಷ ಮೊದಲು ಅಮೆರಿಕದ ಗಡಿ ಇಲಾಖೆಗೆ ಕಳಿಸಬೇಕು, ಹೀಗಾಗಿ ಚೆಕ್-ಇನ್ ಅದಕ್ಕೂ ಮುಂಚೆ ಮುಚ್ಚುತ್ತದೆ. ಹತ್ತಿದ ಮೇಲೆ ಸುರಕ್ಷತಾ ಅಭ್ಯಾಸ ಕಡ್ಡಾಯ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿದ ಮೇಲೆ ಅದನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣ ಮುಗಿಸಬೇಕು ಎಂದಾಯಿತು. ಫೋನಿನಲ್ಲಿ ವಿಡಿಯೊ ನೋಡಿದರೆ ಸಾಲದು, ಪ್ರತಿಯೊಬ್ಬರೂ ಅಪಾಯದಲ್ಲಿ ಸೇರಲು ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಹಾಜರಿ ಹಾಕಬೇಕು. ಹಿರಿಯರ ಜೊತೆ ಕನ್ನಡದಲ್ಲಿ ವಿವರಿಸುವವರೊಬ್ಬರು ಇರಲಿ.

ಫೋನುಗಳನ್ನು ಹೊರಡುವಾಗಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ರೋಮಿಂಗ್ ಬಿಲ್ ಭಯಾನಕ. ಮಾತು ತಲುಪಿಸಲು ಹಡಗಿನ ಆ್ಯಪಿನ ಚಾಟ್ ಇರುತ್ತದೆ, ಹಿರಿಯರಿಗೆ ಅದು ಒಗ್ಗದು. ಕ್ಯಾಬಿನ್ನಿನ ಗೋಡೆ, ಬಾಗಿಲು ಉಕ್ಕಿನವು, ಅಯಸ್ಕಾಂತ ಅಂಟುತ್ತದೆ. ಒಂದು ಚಿಕ್ಕ ಬರೆಯುವ ಫಲಕವನ್ನು ಅವರ ಬಾಗಿಲಿಗೆ ಅಂಟಿಸಿ, '5 ಗಂಟೆಗೆ ಊಟ, ಬಂದು ಕರೆದೊಯ್ಯುತ್ತೇವೆ' ಎಂದು ಬರೆದರೆ ಕೆಲಸ ಮುಗಿಯಿತು.

ದಡಕ್ಕಿಳಿಯುವಾಗ ಗಡಿಯಾರದ ಮೇಲೆ ಕಣ್ಣಿರಲಿ. ನಸ್ಸಾವಿನ ಸಮಯ ಫ್ಲೋರಿಡಾದ್ದೇ. ಕೊಜುಮೆಲ್ ಹಾಗಲ್ಲ: ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ, ಆದ್ದರಿಂದ ಮಾರ್ಚ್‌ನಿಂದ ನವೆಂಬರ್‌ವರೆಗೆ ಅದು ಮಿಯಾಮಿಗಿಂತ ಒಂದು ಗಂಟೆ ಹಿಂದೆ. ಹಡಗಿನ ಸಮಯವನ್ನೇ ಕೈಗಡಿಯಾರದಲ್ಲಿ ಇಟ್ಟುಕೊಳ್ಳಿ, ಫೋನನ್ನು ನಂಬಬೇಡಿ. ಅತ್ತೆಯವರಿಗಾಗಿ, ಹಡಗು ಕಟ್ಟೆಗೇ ಬಂದು ನಿಲ್ಲುವ ಬಂದರುಗಳನ್ನು ಆರಿಸಿ. ನಸ್ಸಾವು, ಕೊಜುಮೆಲ್ ಎರಡೂ ಹಾಗಿವೆ. ಗ್ರ್ಯಾಂಡ್ ಕೇಮನ್, ಬೆಲೀಜ್‌ನಲ್ಲಿ ಚಿಕ್ಕ ದೋಣಿಗೆ ಇಳಿದು ಹೋಗಬೇಕು, ಅಲೆಗೆ ಮೇಲೆ ಕೆಳಗೆ ಆಡುವ ದೋಣಿಗೆ ಹೆಜ್ಜೆಯಿಡುವುದು ಮಂಡಿನೋವಿನವರಿಗೆ ಆಗದ ಮಾತು. ಬಟ್ಟೆ ಡೈಪರ್ ಆಗಲಿ, ಈಜು ಡೈಪರ್ ಆಗಲಿ ತೊಟ್ಟ ಮಕ್ಕಳನ್ನು ಹಡಗಿನ ಈಜುಕೊಳಕ್ಕೆ ಬಿಡುವುದಿಲ್ಲ ಎಂಬುದೂ ತಿಳಿದಿರಲಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಟ್ಟರೆ ಅವು ಬೆಳಗ್ಗೆ ಟರ್ಮಿನಲ್‌ನಲ್ಲೇ ಸಿಗುವುದು. ಬೆಳಗಿನ ಮಾತ್ರೆ, ಇನ್ಸುಲಿನ್, ಕನ್ನಡಕ, ಹಲ್ಲುಸೆಟ್ಟು, ಪಾಸ್‌ಪೋರ್ಟ್, ಐ-20 ಎಲ್ಲ ಕೈಚೀಲದಲ್ಲಿರಬೇಕು. ಭಾರತೀಯ ಪಾಸ್‌ಪೋರ್ಟಿನವರ ತಪಾಸಣೆ ಸ್ವಲ್ಪ ಹೊತ್ತು ಹಿಡಿಯಬಹುದು, ಹಾಗಾಗಿ ಎಲ್ಲರಿಗಿಂತ ಮೊದಲು ಇಳಿಯುವ ಸಾಲಿಗೆ ಅವರನ್ನು ಸೇರಿಸಿ. ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬಂದರಿನಿಂದ ವಿಮಾನ ನಿಲ್ದಾಣ ಕೂಗಳತೆಯಲ್ಲಿದೆ, ಪೋರ್ಟ್ ಕೆನವರಲ್‌ನಿಂದ ಒರ್ಲ್ಯಾಂಡೊಗೆ ಸುಮಾರು 45 ಮೈಲಿ. ಮೊದಲಿನದಕ್ಕೆ ಮಧ್ಯಾಹ್ನ 12ರ ನಂತರದ, ಎರಡನೆಯದಕ್ಕೆ 1ರ ನಂತರದ ವಿಮಾನ ಹಿಡಿಯಿರಿ. 24 ಜನಕ್ಕೆ ವ್ಯಾನ್‌ಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಡಿ, ಅಂದು ಬೆಳಗ್ಗೆ ಮೂರು ನಾಲ್ಕು ಸಾವಿರ ಜನ ಒಟ್ಟಿಗೇ ಟ್ಯಾಕ್ಸಿ ಹುಡುಕುತ್ತಿರುತ್ತಾರೆ.